ನೋವೂ ಪ್ರಮಾಣವೂ

ಪರರ ನೋವನ್ನು ತಪ್ಪಿಸುವುದು ಧರ್ಮವೆಂಬುದರಲ್ಲಿ ವಿವಾದವಿಲ್ಲ. ಆದರೆ ಹಾಗೆ ತಪ್ಪಿಸುವ ಭರದಲ್ಲಿ ನಿಶ್ಚಯಜ್ಞಾನವೇ ಕೈಬಿಟ್ಟುಹೋದರೆ, ಆಗಲೂ ಅದು ದಯೆಯೆನಿಸುವುದೆ? ಈ ಪ್ರಶ್ನೆಯನ್ನು ಮಧುಮೇಹದ ನಿದರ್ಶನದಿಂದ ವಿಚಾರಮಾಡೋಣ.

ಈ ವ್ಯಾಧಿಯು ಪ್ರಾಚೀನರಿಗೆ ತಿಳಿಯದುದಲ್ಲ. ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಪೂರ್ವರೂಪಗಳಲ್ಲಿ ಎಣಿಸಿದೆ. ಆ ಪರೀಕ್ಷೆಯಲ್ಲಿ ರೋಗಿಗೆ ನೋವಿರಲಿಲ್ಲ. ಆದರೆ ಸಕ್ಕರೆಯು ಎಷ್ಟೆಂಬುದೂ ತಿಳಿಯುತ್ತಿರಲಿಲ್ಲ. ಈಗಲಾದರೋ, 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10 ಕೋಟಿ 10 ಲಕ್ಷ ಮಂದಿ. ನಮ್ಮ ಬಾಗಲಗುಂಟೆಯಲ್ಲಿಯೂ ಬೆಳಗಿನ ಕಾಫಿಗೆ ಮುನ್ನ ಬೆರಳು ಚುಚ್ಚಿಕೊಳ್ಳುವ ಹಿರಿಯರಿಲ್ಲದ ಬೀದಿ ಅಪೂರ್ವವೆನ್ನಬೇಕು. ಇನ್ಸುಲಿನ್ನನ್ನೇ ನಂಬಿ ಬದುಕುವ ಮಗುವಿನ ಬೆರಳನ್ನು ದಿನಕ್ಕೆ ನಾಲ್ಕೈದು ಸಲ ಚುಚ್ಚಬೇಕಾದ ತಾಯಿಯ ಸಂಕಟವನ್ನು ವಾಚಕರೇ ಊಹಿಸಬಹುದು.

ಈ ಸಂಕಟವನ್ನು ನೀಗಲು ವಿದ್ವಾಂಸರು ಹಲವು ಕಡೆ ಶ್ರಮಿಸುತ್ತಿದ್ದಾರೆ. ನಮ್ಮೂರಿನಿಂದ ಯಶವಂತಪುರವನ್ನು ದಾಟಿದರೆ ಸಿಕ್ಕುವ, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ದೇಹದೊಳಕ್ಕೆ ಬೆಳಕನ್ನು ಹಾಯಿಸಿ, ಅದರಿಂದ ಹುಟ್ಟುವ ಧ್ವನಿತರಂಗಗಳ ಮೂಲಕ ಗ್ಲೂಕೋಸನ್ನು ಅಳೆಯುವ ಪ್ರಯೋಗ ನಡೆದಿದೆ. ಬೇರೆ ದೇಶಗಳಲ್ಲಿ ಕೆಲವರು ಮೈಕ್ರೋವೇವ್ ತರಂಗಗಳನ್ನು ಆಶ್ರಯಿಸಿದ್ದಾರೆ. ಅಡಿಗೆಮನೆಯ ಒಲೆಯಲ್ಲಿರುವ ತರಂಗಗಳ ಜಾತಿಯವೇ ಇವು. ಶಕ್ತಿ ಮಾತ್ರ ಅತ್ಯಲ್ಪ. ರಕ್ತದಲ್ಲಿ ಗ್ಲೂಕೋಸು ಹೆಚ್ಚುಕಡಮೆಯಾದಂತೆ ಅದರ ವಿದ್ಯುದ್ಗುಣವು ಕಿಂಚಿತ್ ಬದಲಾಗುತ್ತದೆ. ಚರ್ಮದ ಮೇಲಿಟ್ಟ ಯಂತ್ರದ ಅನುರಣನದ ಕಂಪನಸಂಖ್ಯೆಯು ಅದಕ್ಕೆ ತಕ್ಕಂತೆ ತುಸು ಸರಿಯುತ್ತದೆ. ಆ ಸರಿತದಿಂದ ಸಕ್ಕರೆಯನ್ನು ಊಹಿಸುವುದು ಇದರ ಕ್ರಮ. ಸೂಜಿಯಿಲ್ಲ, ರಕ್ತವಿಲ್ಲ.

ಇಲ್ಲಿ ನಮ್ಮ ತರ್ಕಶಾಸ್ತ್ರವು ನೆರವಿಗೆ ಬರುತ್ತದೆ. ಬೆರಳು ಚುಚ್ಚುವ ಕ್ರಮದಲ್ಲಿ ರಕ್ತವೇ ಎದುರಿಗಿದೆ. ಪಟ್ಟಿಯಲ್ಲಿರುವ ಕಿಣ್ವವು ಗ್ಲೂಕೋಸನ್ನೇ ಆರಿಸಿ ಹಿಡಿಯುತ್ತದೆ. ತರಂಗಕ್ಕಾದರೋ ಈ ವಿವೇಕವಿಲ್ಲ. ಬೆವರು, ಮೈಯ ಶಾಖ, ರಕ್ತದ ಲವಣಗಳು, ಯಂತ್ರವನ್ನು ಒತ್ತಿಹಿಡಿದ ಬಿಗಿ, ಇವುಗಳಿಂದಲೂ ಕಂಪನವು ಸರಿಯುತ್ತದೆ. ಬೆಂಕಿಯಿದ್ದಲ್ಲೆಲ್ಲಾ ಹೊಗೆಯಿರುವುದೆಂದು ಸಾಧಿಸಹೊರಟವನಿಗೆ ಕಾದ ಕಬ್ಬಿಣದ ಗುಂಡನ್ನು ತೋರಿಸಿದಂತೆ ಇದು. ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇಲ್ಲಿ ಸರಿತವುಂಟು, ಸಕ್ಕರೆಯ ವ್ಯತ್ಯಾಸವಿಲ್ಲ. ಇಂಥ ಹೇತುವನ್ನು ಸವ್ಯಭಿಚಾರವೆಂದು ನೈಯಾಯಿಕರು ಕರೆದರು.

ತುಸು ತಪ್ಪಿದರೇನು, ನೋವು ತಪ್ಪಿತಲ್ಲ, ಎಂದು ಕೆಲವರು ಆಕ್ಷೇಪಿಸಬಹುದು. ಏರಿಳಿತದ ಸ್ಥೂಲಜ್ಞಾನವಷ್ಟೇ ಸಾಕಾದವರಿಗೆ ಈ ಮಾತು ಒಪ್ಪೀತು. ಆದರೆ ಯಂತ್ರವು ಸುಳ್ಳಾಗಿ ಹೆಚ್ಚು ತೋರಿಸಿದ ಅಂಕಿಯನ್ನು ನಂಬಿ ತಾಯಿಯು ಮಗುವಿಗೆ ಇನ್ಸುಲಿನ್ ಹೆಚ್ಚಿಸಿದರೆ, ಸಕ್ಕರೆಯು ಕುಸಿದು ಮಗುವು ಪ್ರಜ್ಞೆ ತಪ್ಪೀತು. ಪ್ರಾಣಕ್ಕೂ ಅಪಾಯ ಬಂದೀತು. ಉಳಿಸಿದ ನೋವು ಸಾಸಿವೆಯಷ್ಟು, ತಂದ ಕೇಡು ಬೆಟ್ಟದಷ್ಟು. ಚರ್ಮವನ್ನು ಭೇದಿಸದೆ ತಾವೇ ಗ್ಲೂಕೋಸನ್ನು ಅಳೆಯುವುವೆಂದು ಹೇಳಿಕೊಳ್ಳುವ ಕೈಗಡಿಯಾರ ಉಂಗುರಗಳಲ್ಲಿ ಒಂದಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿದುದು ಈ ಕಾರಣದಿಂದಲೇ.

ಹಾಗಾದರೆ ಸೂಜಿಯ ಯಂತ್ರವು ತಪ್ಪದೆ? ತಪ್ಪುತ್ತದೆ. 2013ರ ಅಂತರರಾಷ್ಟ್ರೀಯ ನಿಯಮದಂತೆ, ಸಕ್ಕರೆಯು ಡೆಸಿಲೀಟರಿಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವಾಗ, ನೂರರಲ್ಲಿ 95 ಅಳತೆಗಳಾದರೂ ಶೇಕಡಾ 15ರ ಅಂತರದೊಳಗಿರಬೇಕು. ಅಂದರೆ ಅದರ ದೋಷದ ಎಲ್ಲೆಯು ಮೊದಲೇ ಗೊತ್ತಾಗಿರುತ್ತದೆ. ಬಲ್ಲವನ ಲಕ್ಷಣವೂ ಇದೇ ಅಲ್ಲವೆ? ತಪ್ಪದಿರುವುದು ಮನುಷ್ಯನಿಗೆ ಅಸಾಧ್ಯ. ಎಷ್ಟರಮಟ್ಟಿಗೆ ತಪ್ಪಬಹುದೆಂಬುದನ್ನು ಮರೆಮಾಚದಿರುವುದು ಸಾಧ್ಯ.

ನೋವು ತಪಸ್ಸಲ್ಲ; ಸೂಜಿಯಲ್ಲಿ ಪುಣ್ಯವೇನೂ ಇಲ್ಲ. ಅದು ತೊಲಗುವ ದಿನವು ಬೇಗ ಬರಲೆಂದೇ ನಾವು ಹಾರೈಸೋಣ. ಅಲ್ಲಿಯವರೆಗೆ, ಅಂಗಡಿಯವನು ನೋವಿಲ್ಲವೆಂದು ಹೊಗಳಿದೊಡನೆ ಸಾಧನವನ್ನು ಕೊಳ್ಳದೆ, ಅದು ಎಷ್ಟು ತಪ್ಪುತ್ತದೆಂಬುದನ್ನು ಕೇಳಿ, ವೈದ್ಯರ ಅಭಿಪ್ರಾಯವನ್ನೂ ಪಡೆಯುವುದು ಗೃಹಸ್ಥರ ಕರ್ತವ್ಯ. ಪ್ರಮಾಣವಿಲ್ಲದ ದಯೆಯು ದಯೆಯ ಆಭಾಸವೇ ಹೊರತು ದಯೆಯಲ್ಲ.