‘ನಮ್ಮದು’ ಎಂಬ ಮಾತಿನ ಅರ್ಥ

2025ನೆಯ ಇಸವಿ ಜೂನ್ 3ನೆಯ ತಾರೀಖಿನ ರಾತ್ರಿ ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಎಂಬ ಕ್ರಿಕೆಟ್ ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಐ.ಪಿ.ಎಲ್. ಕಪ್ಪನ್ನು ಗೆದ್ದಾಗ ಕರ್ಣಾಟಕದ ಊರೂರುಗಳಲ್ಲಿ ಪಟಾಕಿ ಸಿಡಿದವು. ತುಮಕೂರಿನ ಸತ್ಯಮಂಗಲದಂತಹ ಸ್ಥಳದಲ್ಲಿ, ಆ ಆಟಗಾರರನ್ನು ಒಮ್ಮೆಯೂ ಎದುರಿಗೆ ಕಾಣದೆ ತೆರೆಯ ಮೇಲೆ ಮಾತ್ರ ನೋಡಿದ ಹುಡುಗನೂ ಅಂದು ಕೂಗಿದ್ದು ‘ಕಪ್ ನಮ್ದೆ’ ಎಂದು. ‘ಅವರದು’ ಎಂದವನು ಒಬ್ಬನೂ ಇಲ್ಲ. 2009, 2011, 2016ನೆಯ ಇಸವಿಗಳಲ್ಲಿ ಕಡೆಯ ಪಂದ್ಯದವರೆಗೆ ಹೋಗಿ ಸೋತ ತಂಡವದು. ‘ಈ ಸಲ ಕಪ್ ನಮ್ದೆ’ ಎಂಬ ಮಾತು ವರ್ಷವರ್ಷವೂ ಪರಿಹಾಸ್ಯಕ್ಕೆ ಗುರಿಯಾದರೂ ಅದನ್ನು ಆಡುವವರು ಬಿಡಲಿಲ್ಲ. (2024ರಲ್ಲಿ ಇದೇ ಹೆಸರಿನ ಮಹಿಳೆಯರ ತಂಡವು ತನ್ನ ಕಪ್ಪನ್ನು ಗೆದ್ದಿತು; ಆಗ ಇಷ್ಟು ಪಟಾಕಿ ಸಿಡಿಯಲಿಲ್ಲವೆಂಬುದು ಬೇರೆಯ ವಿಚಾರ.) ಹಾಗಾದರೆ ಈ ‘ನಮ್ಮದು’ ಎಂಬುದು ನಿಜವೋ, ಬರಿಯ ಭ್ರಾಂತಿಯೋ?

ವ್ಯವಹಾರದೃಷ್ಟಿಯಿಂದ ಉತ್ತರವು ಸುಲಭ. 2008ರಲ್ಲಿ ಬೆಂಗಳೂರಿನ ಮದ್ಯೋದ್ಯಮಿಯೊಬ್ಬರ ಸಂಸ್ಥೆಯು ಈ ತಂಡದ ಹಕ್ಕನ್ನು 11 ಕೋಟಿ 16 ಲಕ್ಷ ಡಾಲರುಗಳಿಗೆ ಹರಾಜಿನಲ್ಲಿ ಕೊಂಡಿತು. ಹೆಸರಿನ ಪೂರ್ವಾರ್ಧವೂ ಒಂದು ಮದ್ಯದ ಹೆಸರಿನಿಂದ ಬಂದದ್ದೇ. ಕಾಲಕ್ರಮದಲ್ಲಿ ಆ ಸಂಸ್ಥೆಯ ಹತೋಟಿಯು ಡಿಯಾಜಿಯೋ ಎಂಬ ಇಂಗ್ಲೆಂಡಿನ ಕಂಪನಿಗೆ ಹೋಯಿತು. ಕಪ್ಪು ಬಂದ ವರ್ಷದ ನವೆಂಬರಿನಲ್ಲಿಯೇ, ತಂಡದಲ್ಲಿ ಹೂಡಿದ ಬಂಡವಾಳವನ್ನು ಪುನರ್ವಿಮರ್ಶೆ ಮಾಡುವುದಾಗಿ ಪ್ರಕಟಣೆ ಹೊರಟಿತು. ಆಟಗಾರರಾದರೋ ಹರಾಜಿನಲ್ಲಿ ಬಂದವರು, ಹರಾಜಿನಲ್ಲಿ ಹೋಗುವವರು. ಗೆದ್ದ ರಾತ್ರಿ ನಾಯಕನಾಗಿದ್ದ ರಜತ್ ಪಾಟೀದಾರರು ಇಂದೋರಿನವರು. ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ಕನ್ನಡನಾಡಿನವರೆಂದರೆ ಮಯಾಂಕ್ ಅಗರವಾಲರೊಬ್ಬರೇ. ಆದಕಾರಣ ತಾರ್ಕಿಕನು ‘ಎಲೈ ಹುಡುಗ, ಇದರಲ್ಲಿ ನಿನ್ನದೇನಿದೆ?’ ಎಂದು ಕೇಳಿದರೆ ಹುಡುಗನು ನಿರುತ್ತರನಾಗಬೇಕಾದೀತು.

ಆದರೆ ತಾರ್ಕಿಕನು ವ್ಯಾಕರಣವನ್ನು ಮರೆತಿದ್ದಾನೆ. ಷಷ್ಠೀ ವಿಭಕ್ತಿಗೆ ಸ್ವಸ್ವಾಮಿಭಾವವೊಂದೇ ಅರ್ಥವಲ್ಲ. ‘ರಾಜನ ಕುದುರೆ’ ಎಂಬಲ್ಲಿ ಒಡೆತನ, ‘ಮರದ ಕೊಂಬೆ’ ಎಂಬಲ್ಲಿ ಅವಯವಾವಯವಿಭಾವ, ‘ತಾಯಿಯ ಮಗು’ ಎಂಬಲ್ಲಿ ಜನ್ಯಜನಕಭಾವ. ‘ನಮ್ಮ ಊರು’ ಎನ್ನುವವನು ಊರಿನ ಒಡೆಯನೇನು? ಊರು ಅವನದೆನ್ನುವುದಕ್ಕಿಂತ ಅವನೇ ಊರಿನವನೆನ್ನುವುದು ಸರಿ. ವೇದಾಂತಿಗಳು ಖಂಡಿಸಿದ ಮಮಕಾರವು ವಸ್ತುವನ್ನು ತನ್ನ ಮುಷ್ಟಿಯೊಳಕ್ಕೆ ಎಳೆದುಕೊಳ್ಳುವಂಥದು. ಈ ಮತ್ತೊಂದು ‘ನಮ್ಮದು’ ಎಂಬುದು ತನ್ನನ್ನು ತನಗಿಂತ ದೊಡ್ಡದಾದ ಒಂದಕ್ಕೆ ಒಪ್ಪಿಸಿಕೊಳ್ಳುವಂಥದು. ಎರಡಕ್ಕೂ ಶಬ್ದ ಒಂದೇ ಆದುದರಿಂದ ಮೋಸಹೋಗುವುದು ಸುಲಭ.

ಈ ಭೇದವು ಅಮೆರಿಕಾ ದೇಶದಲ್ಲಿ ಬಹು ಸ್ಪಷ್ಟವಾಗಿ ಕಂಡುಬಂದಿದೆ. ಅಲ್ಲಿನವರ ಫುಟ್‌ಬಾಲು, ಹೆಸರು ಹಾಗಿದ್ದರೂ, ಬಹುಮಟ್ಟಿಗೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಬಾಲ್ಟಿಮೋರ್ ನಗರದ ಕೋಲ್ಟ್ಸ್ ಎಂಬ ತಂಡದ ಒಡೆಯನಿಗೂ ನಗರಕ್ಕೂ ಕ್ರೀಡಾಂಗಣದ ವಿಷಯವಾಗಿ ವ್ಯಾಜ್ಯ ಬೆಳೆದಿತ್ತು. ಸರ್ಕಾರವು ಕಾನೂನಿನ ಬಲದಿಂದ ತಂಡವನ್ನು ವಶಮಾಡಿಕೊಂಡೀತೆಂಬ ಶಂಕೆಯಿಂದ ಅವನು 1984ರ ಮಾರ್ಚ್ 28ರ ರಾತ್ರಿ ಸಾಮಾನುಗಳನ್ನೆಲ್ಲ ಲಾರಿಗಳಿಗೆ ಹೇರಿಸಿ ಇಂಡಿಯಾನಾಪೊಲಿಸ್ ನಗರಕ್ಕೆ ಸಾಗಿಸಿಬಿಟ್ಟನು. ಬೆಳಗಾಗುವಷ್ಟರಲ್ಲಿ ಊರಿನ ತಂಡ ಊರಲ್ಲಿಲ್ಲ. ಆದರೆ ಆ ತಂಡದ ವಾದ್ಯಮೇಳದವರ ಸಮವಸ್ತ್ರಗಳು ಒಗೆಯುವ ಅಂಗಡಿಯಲ್ಲಿದ್ದುದರಿಂದ ಉಳಿದುಕೊಂಡವು. ಮೇಳದವರು ಅವುಗಳನ್ನು ಧರಿಸಿ, ತಮಗೆ ತಂಡವೇ ಇಲ್ಲದಿದ್ದರೂ, 1996ರವರೆಗೆ ಅಲ್ಲಲ್ಲಿ ನುಡಿಸುತ್ತಲೇ ಇದ್ದರು. ಲಾರಿಗಳಲ್ಲಿ ಹೋದದ್ದು ಒಡೆಯನ ತಂಡ. ಹಿಂದೆ ಉಳಿದದ್ದು ಊರಿನ ತಂಡ. ಆ ವರ್ಷ ಬಾಲ್ಟಿಮೋರಿಗೆ ಹೊಸ ತಂಡ ಬಂದದ್ದು ಮಾತ್ರ ಕ್ಲೀವ್‌ಲ್ಯಾಂಡಿನವರನ್ನು ಅಳಿಸಿ! ತಾನು ಅತ್ತವನು ಪರರ ಅಳುವನ್ನು ತಿಳಿಯುವನೆಂಬ ನಿಯಮವೇನೂ ಇಲ್ಲವೆಂದಾಯಿತು.

ಸುಮಾರು ಒಂದು ಲಕ್ಷ ಜನರಿರುವ ಗ್ರೀನ್ ಬೇ ಎಂಬ ಊರಿನ ಪ್ಯಾಕರ್ಸ್ ತಂಡವಾದರೋ 1923ರಿಂದಲೂ ಪಾಲುದಾರರಾದ ಜನರ ಕೈಯಲ್ಲಿಯೇ ಇದೆ. ಈಗ ಪಾಲುದಾರರು ಐದು ಲಕ್ಷಕ್ಕೂ ಮಿಕ್ಕಿದ್ದಾರೆ. ಅವರಿಗೆ ಲಾಭಾಂಶವಿಲ್ಲ, ಪಾಲಿನ ಬೆಲೆ ಏರುವುದೂ ಇಲ್ಲ. ಫಲವಿಲ್ಲದ ಸ್ವಾಮ್ಯವನ್ನು ಹಣ ಕೊಟ್ಟು ಕೊಳ್ಳುವ ಇಂತಹ ಜನರನ್ನು ಅರ್ಥಶಾಸ್ತ್ರಜ್ಞನು ಮೂಢರೆನ್ನಬಹುದು, ಧರ್ಮಶಾಸ್ತ್ರಜ್ಞನು ಹಾಗೆನ್ನಲಾರನು.

ದೂರಕ್ಕೇಕೆ ಹೋಗಬೇಕು? 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯು ಮುಂದೆ ವೀರಣ್ಣನವರ ಒಡೆತನಕ್ಕೆ ಬಂದು ನಾಡೆಲ್ಲ ಸಂಚರಿಸಿತು. ನಟರು ನಾನಾ ಊರುಗಳವರು. ಗಲ್ಲಾಪೆಟ್ಟಿಗೆಯ ಹಣ ಕಂಪನಿಯದು. ಆದರೂ ತುಮಕೂರು ಸೀಮೆಯವರು ಅದನ್ನು ‘ನಮ್ಮ ಗುಬ್ಬಿ ಕಂಪನಿ’ ಎಂದರೆ ಸುಳ್ಳಾಡಿದಂತಾಗುವುದಿಲ್ಲ.

ಆದುದರಿಂದ ಹುಡುಗನ ಕೂಗು ಭ್ರಾಂತಿಯಲ್ಲ. ಪ್ರಶ್ನೆ ಉಳಿದಿರುವುದು ಬೇರೆಡೆ. ಕಪ್ಪು ಬಂದ ಮರುದಿನ, ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಉಂಟಾದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣಬಿಟ್ಟರು. ಬಹುಮಂದಿ ಎಳೆಯ ಪ್ರಾಯದವರು. ಕಪ್ಪು ಯಾರದೆಂದು ಹಿಂದಿನ ರಾತ್ರಿ ಯಾರೂ ಕೇಳಿರಲಿಲ್ಲ. ಹೊಣೆ ಯಾರದೆಂಬ ವಾದವು ಮಾತ್ರ ನ್ಯಾಯಾಲಯದವರೆಗೆ ಹೋಯಿತು. ಆಗಸ್ಟಿನಲ್ಲಿ ತಂಡದವರು ಮೃತರ ಕುಟುಂಬಗಳಿಗೆ ತಲಾ 25 ಲಕ್ಷ ರೂಪಾಯಿಗಳನ್ನು ಪ್ರಕಟಿಸಿದರು. ಅದು ಸ್ವಾಮಿಯಾದವನು ಮಾಡತಕ್ಕ ಕಾರ್ಯ. ಕೂಗಿದವನು ಮಾಡತಕ್ಕದ್ದೇನು?

ಹಿಂದಿನವರು ಬಂಧುತ್ವವನ್ನು ಅಳೆದದ್ದು ಔತಣದಿಂದಲ್ಲ, ಸೂತಕದಿಂದ. ಮದುವೆಯೂಟಕ್ಕೆ ಊರೆಲ್ಲ ಬರುವುದುಂಟು. ಯಾರ ಮರಣದಲ್ಲಿ ಯಾರು ಆಶೌಚವನ್ನು ಹಿಡಿಯುತ್ತಾರೆಂಬುದರಿಂದ ಯಾರು ಯಾರವರೆಂಬುದು ನಿರ್ಣಯವಾಗುತ್ತಿತ್ತು. ಜಯದಲ್ಲಿ ಪಾಲು ಬೇಡಿದ ಲಕ್ಷಾಂತರ ಜನಕ್ಕೆ ಆ 11 ಮಂದಿಯ ಸೂತಕದಲ್ಲಿ ಪಾಲುಂಟೋ ಇಲ್ಲವೋ? ಸತ್ತವರೂ ಅದೇ ಮಾತನ್ನು ಕೂಗುತ್ತ ಹೋದವರೇ ಆಗಿದ್ದರು. ಸತ್ಯಮಂಗಲದ ಹುಡುಗನು ಮೂರನೆಯ ತಾರೀಖಿನ ರಾತ್ರಿ ಆಡಿದ ‘ನಮ್ದೆ’ ಎಂಬುದು ಯಾವ ಷಷ್ಠಿಯೆಂಬುದನ್ನು, ನಾಲ್ಕನೆಯ ತಾರೀಖಿನ ಸಂಜೆ ಸುದ್ದಿ ಬಂದಾಗ ಅವನು ಉಳಿದ ಪಟಾಕಿಗಳನ್ನು ಏನು ಮಾಡಿದನೆಂಬುದರಿಂದ ತಿಳಿಯಬೇಕು.