ಸಂಕಲ್ಪವೂ ಕಾಯಕ್ರಿಯೆಯೂ

ಯಶೋಧರ ಮಹಾರಾಜನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಜೀವಬಲಿಗೆ ಒಪ್ಪದ ಅವನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಮಾಡಿಕೊಂಡ ರಾಜಿ ಅದು. ಆದರೂ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಿದರೆಂದು ಜನ್ನಕವಿಯು 1209ರ ‘ಯಶೋಧರ ಚರಿತೆ’ಯಲ್ಲಿ ನಿರೂಪಿಸಿದ್ದಾನೆ. ಕತ್ತಿ ಬಿದ್ದದ್ದು ಹಿಟ್ಟಿನ ಮೇಲೆ. ಕೊಲ್ಲುವ ಸಂಕಲ್ಪ ಮಾತ್ರ ಪೂರ್ಣವಾಗಿತ್ತು. ಹಾಗಾದರೆ ಕೈಗೂ ಮನಸ್ಸಿಗೂ ಇರುವ ಸಂಬಂಧ ಎಂಥದು?

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಅಂಗಡಿಯ ಕಿರ್ದಿಯಷ್ಟು ಕಟ್ಟುನಿಟ್ಟಾದ ಲೆಕ್ಕವಿದೆ. ಮಾಡಬೇಕೆಂಬ ನಿಶ್ಚಯವು ಸಂರಂಭ. ಸಾಧನಗಳನ್ನು ಕೂಡಿಸುವುದು ಸಮಾರಂಭ. ಕಾರ್ಯಕ್ಕೆ ತೊಡಗುವುದು ಆರಂಭ. (ಸಮಾರಂಭವೆಂದೊಡನೆ ಇಂದು ಮದುವೆಯ ಊಟ ನೆನಪಾಗುವುದು ಬೇರೆ ಮಾತು.) ಈ ಮೂರನ್ನು ಮನ-ವಚನ-ಕಾಯಗಳಿಂದಲೂ, ಕೃತ-ಕಾರಿತ-ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ತೂಕದಲ್ಲಿ ವಂಚಿಸಲು ನಿಶ್ಚಯಿಸಿದವನು ಮೊದಲು ಸವೆದ ತೂಕದ ಕಲ್ಲನ್ನು ಹುಡುಕಿ ತರುತ್ತಾನೆ, ಬಳಿಕ ಅದನ್ನು ತಕ್ಕಡಿಗೆ ಇಡುತ್ತಾನೆ. ಗಿರಾಕಿಯ ಕಣ್ಣಿಗೆ ಬೀಳುವುದು ಮೂರನೆಯ ಹಂತ ಮಾತ್ರ. ತೂಗಿದ ಆಳು, ತೂಗಿಸಿದ ಯಜಮಾನ, ಲಾಭಕ್ಕೆ ತಲೆದೂಗಿದ ಪಾಲುದಾರ, ಮೂವರ ಖಾತೆಗೂ ಅದು ಜಮೆಯಾಗುತ್ತದೆ.

ಆಧುನಿಕ ವಿಜ್ಞಾನವು ಇಲ್ಲಿ ಒಂದು ತೊಡಕನ್ನು ಮುಂದಿಟ್ಟಿದೆ. ಅಮೆರಿಕದ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಷ್ಟಬಂದಾಗ ಕೈಯನ್ನು ಅಲುಗಿಸುವಂತೆ ಜನರಿಗೆ ಹೇಳಲಾಗಿತ್ತು. ಕೈ ಅಲುಗುವುದಕ್ಕೆ ಸುಮಾರು ಅರ್ಧ ಸೆಕೆಂಡು ಮೊದಲೇ ಮಿದುಳಿನಲ್ಲಿ ವಿದ್ಯುತ್ ಸಿದ್ಧತೆ ತೊಡಗಿತ್ತು. ‘ಅಲುಗಿಸಬೇಕು’ ಎಂಬ ಅರಿವು ಮೂಡಿದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮೊದಲು ಮಾತ್ರ. ಇಚ್ಛೆಯೆಂಬುದೇ ಭ್ರಮೆಯೆಂದು ಕೆಲವರು ತೀರ್ಪಿತ್ತರು. ಲಿಬೆಟ್ ಹಾಗೆನ್ನಲಿಲ್ಲ, ಉಳಿದ ಅಲ್ಪಕಾಲದಲ್ಲಿ ಕ್ರಿಯೆಯನ್ನು ತಡೆಯಬಹುದೆಂದು ಅವರು ವಾದಿಸಿದರು. ಆ ವಿದ್ಯುತ್ ಏರಿಕೆಯು ನಿರ್ಧಾರವೇ ಅಲ್ಲ, ಮಿದುಳಿನ ಸಹಜ ಏರಿಳಿತವಿರಬಹುದೆಂಬ ವಿವರಣೆಯೂ 2012ರಲ್ಲಿ ಬಂದಿದೆ. ಅದೇನೇ ಇರಲಿ, ಕಾರಣವಿಲ್ಲದೆ ಕೈ ಅಲುಗಿಸುವುದು ಧರ್ಮಾಧರ್ಮದ ಪರೀಕ್ಷೆಯಾಗದು. ಸವೆದ ಕಲ್ಲನ್ನು ಹುಡುಕಲು ಅರ್ಧ ಸೆಕೆಂಡು ಸಾಲದು. ದಿನಗಳೇ ಬೇಕು, ಆ ದಿನಗಳಲ್ಲೆಲ್ಲ ತಡೆಯುವ ಅವಕಾಶವಿದ್ದೇ ಇರುತ್ತದೆ.

‘ನನಗೆ ಕೆಟ್ಟ ಉದ್ದೇಶವಿರಲಿಲ್ಲ’ ಎಂಬ ಸಮರ್ಥನೆಗೂ ಜೈನದರ್ಶನವು ಸುಲಭವಾಗಿ ಮಣಿಯುವುದಿಲ್ಲ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲಡಿಯಲ್ಲಿ ಕೀಟವೊಂದು ಸತ್ತರೂ ಅವರಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆಯುವವನ ಕಾಲಡಿಯಲ್ಲಿ ಯಾವ ಜೀವವೂ ಸಾಯದಿದ್ದರೂ ಅವನಿಗೆ ಬಂಧವುಂಟು. ಏಕೆಂದರೆ ಪ್ರಮಾದವೂ ಮನಸ್ಸಿನದೇ ಒಂದು ಸ್ಥಿತಿ. ಬಸದಿಯ ಲೆಕ್ಕಪತ್ರವನ್ನು ಓದದೆ ಸಹಿ ಮಾಡುವ ಧರ್ಮದರ್ಶಿಯನ್ನು, ಒಂದು ರೂಪಾಯಿಯೂ ಕಳೆದಿರದ ವರ್ಷದಲ್ಲಿ ಸಹ, ಈ ಎರಡನೆಯವನ ಸಾಲಿನಲ್ಲಿಯೇ ಎಣಿಸಬೇಕಾಗುತ್ತದೆ.