ಆವಾಸದಾನ ಮತ್ತು ಪಾತ್ರವಿಚಾರ



ಅತಿಥಿಸಂವಿಭಾಗ ವ್ರತವನ್ನು ಸ್ವೀಕರಿಸಿದ ಶ್ರಾವಕನು ದಾನಕ್ಕೆ ಮುನ್ನ ಪಾತ್ರವನ್ನು ವಿಚಾರಿಸಬೇಕೆಂಬುದು ಶಾಸ್ತ್ರಸಮ್ಮತವಾದ ಮಾತು. ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷದಿಂದ ದಾನದ ಫಲದಲ್ಲಿಯೂ ವಿಶೇಷವುಂಟಾಗುವುದೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ಮಹಾವ್ರತಿಯಾದ ಮುನಿಯು ಉತ್ತಮ ಪಾತ್ರ, ಅಣುವ್ರತಿಯಾದ ಶ್ರಾವಕನು ಮಧ್ಯಮ, ವ್ರತವಿಲ್ಲದ ಸಮ್ಯಗ್ದೃಷ್ಟಿಯು ಜಘನ್ಯ. ಇದನ್ನು ಬಲ್ಲ ಗೃಹಸ್ಥರೇ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಗೋಣಿತಟ್ಟು ಹೊದ್ದು ಮಲಗಿದವನನ್ನು ಕಂಡಾಗ, “ಅಪಾತ್ರದಾನವು ನಿಷ್ಫಲ, ಕೈಕಾಲು ಗಟ್ಟಿಯಾಗಿವೆ, ದುಡಿದು ತಿನ್ನಲಿ” ಎಂದು ಮುಂದೆ ಸಾಗುವುದುಂಟು.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. ಶಾಸ್ತ್ರದಲ್ಲಿ ಅಪಾತ್ರ ಎಂಬುದು ಸೋಮಾರಿಗೆ ಇಟ್ಟ ಹೆಸರಲ್ಲ. ಸಮ್ಯಕ್ತ್ವವೂ ವ್ರತವೂ ಇಲ್ಲದವನು ಭಕ್ತಿಪೂರ್ವಕವಾದ ದಾನಕ್ಕೆ ಯೋಗ್ಯನಲ್ಲವೆಂಬಷ್ಟೇ ಅದರ ತಾತ್ಪರ್ಯ. (ಆ ತಕ್ಕಡಿಯಲ್ಲಿ ತೂಗಿದರೆ ಮದುವೆಯ ಪಂಕ್ತಿಯಲ್ಲಿ ಉಪಚಾರ ಪಡೆಯುವ ಎಷ್ಟೋ ಮಂದಿ ಶ್ರೀಮಂತರು ಎಲ್ಲಿ ನಿಲ್ಲುವರೋ! ಅವರನ್ನು ಯಾರೂ ತೂಗುವುದಿಲ್ಲ.) ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕಾಗಿ ವಿಂಗಡಿಸುತ್ತ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ಎಣಿಸಿದರು. ದಯಾದತ್ತಿಯು ಮೊದಲು ಬಂದಿದೆ, ಪಾತ್ರದತ್ತಿಯಿಂದ ಪ್ರತ್ಯೇಕವಾಗಿಯೂ ಬಂದಿದೆ. ಭಯಗೊಂಡ ಜೀವಕ್ಕೆ ಅಭಯವನ್ನೀಯುವುದೇ ಅದರ ಲಕ್ಷಣ. ಪಾತ್ರದ ಪರೀಕ್ಷೆಯು ಪೂಜ್ಯರಿಗೆ ಸಲ್ಲಿಸುವ ಭಕ್ತಿಗೆ ಸಂಬಂಧಿಸಿದ್ದು; ನೊಂದವನ ಮುಂದೆ ಅದನ್ನು ಹಿಡಿದು ನಿಲ್ಲುವುದಕ್ಕೆ ಆಧಾರವಿಲ್ಲ.

2021ರ ಜುಲೈ ತಿಂಗಳ ಮಹಾಮಳೆಯಲ್ಲಿ ವಜ್ರಳ್ಳಿ ಸೀಮೆಯ ಕಳಚೆಯಲ್ಲಿ ಗುಡ್ಡ ಕುಸಿಯಿತು. ಅಡಿಕೆ ತೋಟಗಳು ಮಣ್ಣಿನೊಡನೆ ಜಾರಿದವು, ರಸ್ತೆ ಕಡಿದುಹೋಯಿತು, ಸಂಸಾರಗಳು ಮನೆ ತೊರೆಯಬೇಕಾಯಿತು. ಮುಖ್ಯಮಂತ್ರಿಗಳೇ ಬಂದು ನೋಡಿ ಹೋದರು. ಆ ಮನೆಗಳವರಿಗೆ ಸಂತ್ರಸ್ತರೆಂಬ ಹೆಸರು ಬಂದಿತು. ನೀವು ಯೋಗ್ಯರೋ ಅಯೋಗ್ಯರೋ ಎಂದು ಅವರನ್ನು ಕೇಳುವುದು ಯಾರಿಗೂ ತೋಚುವ ಮಾತಲ್ಲ. ಹಾಗಿರುವುದೇ ಉಚಿತ. ಆದರೆ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಯಾವುದೋ ಊರಿನಲ್ಲಿ ಇಳಿದು, ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಮಲಗುವವನ ಮನೆಯೂ ಒಂದಾನೊಂದು ದಿನ ಕುಸಿದದ್ದೇ. ಸಾಲದಿಂದಲೋ, ಚಿತ್ತಭ್ರಮಣೆಯಿಂದಲೋ, ಮಕ್ಕಳು ಹೊರಹಾಕಿದ್ದರಿಂದಲೋ ಅದು ಕುಸಿದಿರಬಹುದು. ಅವನ ಗುಡ್ಡ ಜರಿದದ್ದನ್ನು ಕಂಡವರಿಲ್ಲ. ಕಂಡ ದುಃಖಕ್ಕೆ ಮರುಗುವ ಮನಸ್ಸು ಕಾಣದ ದುಃಖಕ್ಕೆ ಸಾಕ್ಷಿ ಕೇಳುತ್ತದೆ.

2011ರ ಜನಗಣತಿಯು ಭಾರತದಲ್ಲಿ ಹದಿನೇಳು ಲಕ್ಷಕ್ಕೂ ಮಿಕ್ಕು ಜನರನ್ನು ವಸತಿಹೀನರೆಂದು ಎಣಿಸಿತು. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಂತೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಗಳಲ್ಲಿ ಇರಿಸುವ ಏರ್ಪಾಡಾಯಿತು. ಮನೆ ಕಂದಾಯದೊಡನೆ ಅದಕ್ಕೆಂದು ಉಪಕರವನ್ನೂ ಗೊತ್ತುಪಡಿಸಲಾಯಿತು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಆಶ್ರಿತರು ಒಬ್ಬರ ಹಿಂದೊಬ್ಬರು ಸತ್ತ ವಾರ್ತೆ ನಾಡನ್ನೇ ನಡುಗಿಸಿತು. ಉಪಕರ ತೆತ್ತು ದಾನ ಮುಗಿಯಿತೆಂದು ಕುಳಿತವರಿಗೆ ಇದು ನೆನಪಿರಲಿ. ಕಳಚೆಯ ಗುಡ್ಡ ಕುಸಿದ ಆ ಜುಲೈ ತಿಂಗಳಲ್ಲಿಯೇ, ಬೇರೆ ದಾರಿ ಇದ್ದಿದ್ದರೆ ಯಾರೂ ಬೇಡಲು ಬಯಸರೆಂಬ ಆಶಯವನ್ನು ಸರ್ವೋಚ್ಚ ನ್ಯಾಯಾಲಯವು ವ್ಯಕ್ತಪಡಿಸಿತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ದಾನವೆಂದು ಎಣಿಸಿದ್ದಾರೆ. ಅದಕ್ಕೆ ಅವರು ಕೊಟ್ಟ ದೃಷ್ಟಾಂತ ಅರಸನದಲ್ಲ, ಸೆಟ್ಟಿಯದಲ್ಲ, ಒಂದು ಕಾಡುಹಂದಿಯದು. ಟೀಕಾಕಾರರು ಹೇಳುವ ಕಥೆ ಹೀಗಿದೆ: ಮಾಳವದೇಶದ ಒಂದು ಗ್ರಾಮದಲ್ಲಿ ಒಬ್ಬ ಕುಂಬಾರನೂ ಒಬ್ಬ ಕ್ಷೌರಿಕನೂ ಕೂಡಿ ದಾರಿಹೋಕರಿಗಾಗಿ ಒಂದು ಛತ್ರವನ್ನು ಕಟ್ಟಿಸಿದರು. ಕುಂಬಾರನು ಒಬ್ಬ ಮುನಿಯನ್ನು ಕರೆತಂದು ಅಲ್ಲಿ ಇಳಿಸಿದನು. ಕ್ಷೌರಿಕನು ತನಗೆ ಬೇಕಾದ ಒಬ್ಬ ಪರಿವ್ರಾಜಕನನ್ನು ಕರೆತಂದನು. ಅವರಿಬ್ಬರೂ ಸೇರಿ ಮುನಿಯನ್ನು ಹೊರಗಟ್ಟಿದರು. ಮುನಿಯು ಮರದ ಬುಡದಲ್ಲಿ ಚಳಿಯನ್ನೂ ಸೊಳ್ಳೆಗಳ ಕಾಟವನ್ನೂ ಸಹಿಸುತ್ತ ರಾತ್ರಿ ಕಳೆದನು. ಬೆಳಗಾಗಲು ಪಾಲುದಾರರಿಬ್ಬರೂ ಹೊಡೆದಾಡಿ ಸತ್ತು, ವಿಂಧ್ಯದ ಕಾಡಿನಲ್ಲಿ ಹಂದಿಯಾಗಿಯೂ ಹುಲಿಯಾಗಿಯೂ ಹುಟ್ಟಿದರು. ಹಂದಿಯಿದ್ದ ಗವಿಯಲ್ಲಿ ಇಬ್ಬರು ಮುನಿಗಳು ಬಂದು ತಂಗಿದಾಗ ಅದಕ್ಕೆ ಪೂರ್ವಜನ್ಮದ ಸ್ಮರಣೆಯಾಯಿತು. ಮನುಷ್ಯವಾಸನೆಗೆ ಬಂದ ಹುಲಿಯನ್ನು ಅದು ಗವಿಯ ಬಾಯಲ್ಲೇ ತಡೆಯಿತು. ಎರಡೂ ಕಾದಾಡಿ ಸತ್ತವು. ಹಂದಿಗೆ ಸೌಧರ್ಮಸ್ವರ್ಗ, ಹುಲಿಗೆ ನರಕ.

ಆ ಮುನಿಯು ಉತ್ತಮ ಪಾತ್ರನೇ ಸರಿ. ಆದರೂ ಅವನನ್ನು ಹೊರಗಟ್ಟಿದವನು ದಾನಿಯೇ ಆಗಿದ್ದನೆಂಬುದನ್ನು ಗಮನಿಸಬೇಕು. ಛತ್ರಕ್ಕೆ ಹಣ ಹಾಕಿದ್ದನು, ಯಾರು ಒಳಗಿರಬೇಕೆಂಬ ಅಧಿಕಾರವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಸಂಜೆಯ ಮಬ್ಬಿನಲ್ಲಿ ಬಾಗಿಲಿಗೆ ಬಂದವನು ಯಾರೆಂದು ನಿರ್ಧರಿಸುವ ಜ್ಞಾನ ಗೃಹಸ್ಥನಿಗೆಲ್ಲಿಯದು?

ಕೊಟ್ಟ ಕಾಸು ಹೆಂಡದಂಗಡಿಗೆ ಹೋಗುವುದೆಂಬ ಆಕ್ಷೇಪವು ಸುಳ್ಳಲ್ಲ. ದಾತೃವಿನ ಏಳು ಗುಣಗಳಲ್ಲಿ ವಿಜ್ಞಾನವೂ ಒಂದು. ಏನನ್ನು ಕೊಡಬೇಕೆಂಬ ವಿವೇಕ ಅದು. ಕಾಸಿನ ಬದಲು ಅನ್ನ, ಔಷಧ, ಕಂಬಳಿ ಕೊಡಲಿ. ವಿವೇಕವನ್ನು ವಸ್ತುವಿನಲ್ಲಿ ತೋರಿಸಿದರೆ ವ್ಯಕ್ತಿಯನ್ನು ಹಳಿಯುವ ಪ್ರಸಂಗ ಬರುವುದಿಲ್ಲ.

ಇನ್ನು ವ್ರತನಿಷ್ಠರ ಮನೆಗಳಲ್ಲಿ ಏಳುವ ಪ್ರಶ್ನೆಯೊಂದಿದೆ. ಸೂರ್ಯಾಸ್ತದ ಮೇಲೆ ಹಸಿದವನು ಬಂದರೆ ರಾತ್ರಿಭೋಜನತ್ಯಾಗಿಯು ಮಾಡುವುದೇನು? ವ್ರತ ಮುರಿಯುವ ಅಗತ್ಯವಿಲ್ಲ. ಆಹಾರಕ್ಕೆ ಹೊತ್ತಿನ ಕಟ್ಟು ಉಂಟು, ಆವಾಸಕ್ಕೆ ಇಲ್ಲ. ಮಲೆನಾಡಿನ ಆಷಾಢದ ಮಳೆಯಲ್ಲಿ ಜಗಲಿಯ ಒಂದು ಮೂಲೆ, ಒಂದು ಚಾಪೆ, ಒಂದು ಕಂಬಳಿ ಆ ರಾತ್ರಿಗೆ ಸಾಕು. ಬೆಳಕು ಹರಿದ ಮೇಲೆ ಗಂಜಿ. ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸದಿಂದ ಮನೆಯಲ್ಲಿ ಉಳಿದ ಅಕ್ಕಿಯನ್ನು ಮರುದಿನ ತಮ್ಮ ಪಾರಣೆಗೆ ಮೊದಲೇ ಬೇಯಿಸಿ, ಜಗಲಿಯಲ್ಲಿರುವವನಿಗೆ ಬಡಿಸಬಹುದು.